ಆರು ಎಣಿಸುವಷ್ಟು ಹೊತ್ತು

ಮಂಡಿಯ ಕೆಳಗೆ ಟವೆಲ್ಲಿನ ಸುರುಳಿ.
"ಒತ್ತಿ, ದೋನ್ ಬೆಲಿಸಾರಿಯೊ" ಅನ್ನುತ್ತಾಳೆ ಯಾಸ್ನಾ,
"ಅಡಿಯಲ್ಲಿ ಜಿರಳೆ ಸಿಕ್ಕಿದೆ ಅಂದುಕೊಂಡು ಒತ್ತಿ."
ತೊಡೆಗೆ ಮೂರು ಬಿಲ್ಲೆ, ಮೂರು ತಂತಿ.
ಬಿಲ್ಲೆ ಅಂಟಲೆಂದು ಅಂಗೈಯಗಲ ಕೂದಲು ಬೋಳಿಸಿದಳಲ್ಲ,
ಆ ಮುನಿಸು ನನಗಿನ್ನೂ ಇದೆ.

ಒತ್ತಿದೆ.
ಪರದೆಯ ಹಸಿರು ಗೆರೆ
ಗಾಳಿಯಿಲ್ಲದ ಬೆಳಗಿನ ಬಂದರಿನ ಹಾಗೆ ಮಲಗೇ ಇತ್ತು.
"ಒತ್ತುತ್ತಿದ್ದೇನಲ್ಲ!"
"ನೀವು ಬಿಗಿಹಿಡಿದದ್ದು ದವಡೆ" ಅಂದಳು, "ತೊಡೆಯನ್ನಲ್ಲ."

ಮೂವತ್ತೆಂಟು ವರ್ಷ ವಾಲ್ಪರಾಯ್ಸೊದ ಗುಡ್ಡಗಳಿಗೆ
ಕಾಗದ ಹೊತ್ತವನು ನಾನು.
ಮರಿಪೋಸಾಸ್ ಗುಡ್ಡದ ಒಂದೇ ಓಣಿಗೆ ನೂರಾ ಅರವತ್ತೊಂದು ಮೆಟ್ಟಿಲು,
ಮುರಿದದ್ದೊಂದನ್ನು ಲೆಕ್ಕಕ್ಕೆ ಹಿಡಿದಿಲ್ಲ.
ಗುಡ್ಡವೇರುವ ಹಳಿಗಾಡಿಗೆ ನನ್ನ ಜೇಬಿನದೇ ಕಾಸು;
ಹತ್ತಲಿಲ್ಲ.
ಹೆಜ್ಜೆ ಊರಿದ್ದೇ ಊರು.

ಎಕ್ಸ್‌ರೇ ಬೆಳಕಿಗೆ ಹಿಡಿದು
"ಸವೆದಿದೆ" ಎಂದರು ಡಾಕ್ಟರು, ಚಪ್ಪಲಿಯ ಮಾತಾಡಿದ ಹಾಗೆ.
ಮಂಡಿ ಸವೆದದ್ದು ಗೊತ್ತಿತ್ತು, ಹತ್ತುವಾಗಲೆಲ್ಲ
ಒಣರೊಟ್ಟಿ ಮುರಿಯುವ ಸದ್ದು.
ನೋವಿಗೆ ಹೆದರಿ ತೊಡೆ
ಸದ್ದಿಲ್ಲದೆ ಕೆಲಸ ಬಿಟ್ಟದ್ದು
ಯಾರೂ ಹೇಳಿರಲಿಲ್ಲ.

"ಕಣ್ಣು ಮುಚ್ಚಬೇಡಿ. ಗೆರೆ ನೋಡಿ, ಅದೇ ನಿಮ್ಮ ತೊಡೆ."
ಅದು ಹೇಗೆ ನನ್ನ ತೊಡೆ?
ನನ್ನದು ಇಲ್ಲಿದೆಯಲ್ಲ, ಬೆಳ್ಳಗೆ, ಸಡಿಲವಾಗಿ,
ಒಂದು ಕಡೆ ಬೋಳಾಗಿ.
ಆದರೂ ನೋಡಿದೆ.
ಮಂಡಿಚಿಪ್ಪನ್ನು ಮೇಲಕ್ಕೆ ಎಳೆದುಕೊಳ್ಳುವ ಹಾಗೆ,
ಹೇಗೆಂದು ಹೇಳಲಾರೆ,
ಕಿವಿ ಅಲ್ಲಾಡಿಸಲು ಕಲಿತ ಹುಡುಗನೂ ಹೇಳಲಾರ,
ಒಳಮಗ್ಗುಲಲ್ಲಿ ಏನೋ ಮಿಸುಕಿತು.
ಗೆರೆ ಎದ್ದಿತು.
ಯಂತ್ರ ಕುಂಯ್ ಎಂದಿತು.
ಒಂದು, ಎರಡು, ಯಾಸ್ನಾ ಎಣಿಸಿದಳು,
ಮೂರು, ಉಸಿರಾಡಿ ಉಸಿರಾಡಿ ಎಂದು ಬೈದಳು,
ನಾಲ್ಕಕ್ಕೆ ಗೆರೆ ಕುಸಿಯಿತು.

ಗುರುತಿಲ್ಲದವರ ಕೈಬರಹ ಓದುವುದು ನನ್ನ ಕಸುಬು.
ಮಳೆಗೆ ಕರಗಿದ ವಿಳಾಸ, ಕುಡಿದು ಬರೆದ ವಿಳಾಸ,
ಬೀದಿಯಿಲ್ಲ ನಂಬರಿಲ್ಲ, "ನೀಲಿ ಬಾಗಿಲ ಹೆರ್ಮಿನಿಯಾಗೆ"
ಅಂತಷ್ಟೇ ಇದ್ದದ್ದು,
ಎಲ್ಲ ಮುಟ್ಟಿಸಿದ್ದೇನೆ.
ಈ ಗೆರೆಯದು ನಡುಗುವ ಬರಹ,
ಶಾಲೆ ಬಿಟ್ಟು ಬಹಳ ವರ್ಷವಾದವರದು.
ಕಳಿಸಿದವರು: ಬಲಗಾಲು,
ಮಂಡಿಗಿಂತ ನಾಲ್ಕು ಬೆರಳು ಮೇಲೆ.

ಏಳನೇ ವಾರ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು.
"ಈಗ ನೋಡದೆ."
ಕುರುಡಾಗಿ ಒತ್ತಿದೆ.
ಯಾಸ್ನಾಳ ಮುಖದಲ್ಲಿ ಗೆರೆ ಹುಡುಕಿದೆ;
ಆ ಹುಡುಗಿ ಇಸ್ಪೀಟಾಡಿದ್ದರೆ ಶ್ರೀಮಂತಳಾಗುತ್ತಿದ್ದಳು.

ನೋವು ಹೋಗಿಲ್ಲ. ಬೆಳಿಗ್ಗೆ ನನಗಿಂತ ಮೊದಲೇ ಏಳುತ್ತದೆ.
ಆದರೆ ಬ್ರೆಡ್ಡಿನಂಗಡಿಗೆ ಇಪ್ಪತ್ತಮೂರು ಮೆಟ್ಟಿಲು,
ನಿನ್ನೆ ಇಳಿಯುವಾಗ ಕಂಬಿಯನ್ನು ಬರೀ ಸವರಿದೆ,
ಹಿಡಿಯಲಿಲ್ಲ.

ಬಸ್ಸಿನಲ್ಲಿ ಕೂತು, ತಂತಿಯಿಲ್ಲ ಬಿಲ್ಲೆಯಿಲ್ಲ,
ಪ್ಯಾಂಟಿನೊಳಗೆ ಗುಟ್ಟಾಗಿ ಬಿಗಿಹಿಡಿಯುತ್ತೇನೆ.
ತುಟಿ ಅಲ್ಲಾಡಿರಬೇಕು.
ಪಕ್ಕದ ಹೆಂಗಸು, ಮಡಿಲಲ್ಲಿ ಮೀನಿನ ಚೀಲ,
"ಏನು ಎಣಿಸ್ತಿದ್ದೀರಿ?" ಅಂದಳು.

"ಐದು" ಅಂದೆ.