ನೂರ ನಲವತ್ತನಾಲ್ಕು

ಮೂವತ್ತೊಂದು ವರ್ಷ ನಾಲಿಗೆ ತುದಿಯಲ್ಲಿದ್ದ ಅಂಕಿಗಳು
ಒಂದು ಸೋಮವಾರ ಬೆಳಗಾಗುವಷ್ಟರಲ್ಲಿ
ಮನೆ ಬದಲಿಸಿಬಿಟ್ಟವು.
ವಿಳಾಸದ ಚೀಟಿ ಹಿಡಿದು ನಾನು
ಚಿಂತಾಮಣಿ ಕೋರ್ಟಿನ ಮೆಟ್ಟಿಲ ಮೇಲೆ
ಕರಿ ಕೋಟಿನೊಳಗೆ ಬೆವರುತ್ತ ನಿಂತೆ.

ಮುನ್ನೂರ ಎರಡರ ಕದ ತಟ್ಟಿದರೆ
ಕೊಲೆಗಾರ ಅಲ್ಲಿಲ್ಲ.
ಇನ್ನೊಬ್ಬರ ದೇವರನ್ನು ಆಡಿಕೊಂಡವನು ಇಣುಕಿ
'ಅವರು ನೂರ ಮೂರಕ್ಕೆ ಹೋದರಲ್ಲ ಸಾರ್' ಅನ್ನುತ್ತಾನೆ.
ನಾನೂರ ಇಪ್ಪತ್ತನ್ನಂತೂ ಕೇಳಲೇಬೇಡಿ.
ಹೊಸ ಪುಸ್ತಕ ಮುನ್ನೂರ ಐವತ್ತೆಂಟಕ್ಕೇ ಮುಗಿಯುತ್ತದೆ,
ಅಷ್ಟು ದೂರಕ್ಕೆ ಬೀದಿಯೇ ಇಲ್ಲ.
ಮೋಸಗಾರನನ್ನು ಈಗ
'ಲೋ ಮುನ್ನೂರ ಹದಿನೆಂಟು, ಉಪಕಲಂ ನಾಲ್ಕು'
ಎಂದು ಬೈದು ಮುಗಿಸುವಷ್ಟರಲ್ಲಿ
ಅವನು ಕೋಲಾರದ ಬಸ್ಸು ಹತ್ತಿರುತ್ತಾನೆ.

ಮೊದಲ ವಾರವೇ ಜಾರಿ ಬಿದ್ದೆ.
ನಿರೀಕ್ಷಣಾ ಜಾಮೀನಿಗೆ ನಾನೂರ ಮೂವತ್ತೆಂಟು ಎಂದೆ,
ರೂಢಿಯ ಧೈರ್ಯದಲ್ಲಿ.
ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ
'ಜಾಮೀನು ಕೇಳ್ತಿದ್ದೀರೋ, ರಿವಿಷನ್ ಹಾಕ್ತಿದ್ದೀರೋ?'
ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು.
ಅದು ಕೆಮ್ಮಲ್ಲ, ನನಗೆ ಗೊತ್ತು.
ಸಬೀಹಾ, ನನ್ನ ಜೂನಿಯರ್, ಮುರುಗಮಲ್ಲದ ಹುಡುಗಿ,
ಕೋಟಿನ ತೋಳು ಜಗ್ಗಿದಳು:
ನಾನೂರ ಎಂಬತ್ತೆರಡು ಸರ್.
ಅದು ಕೇಸು ರದ್ದು ಮಾಡಿಸೋದಲ್ವೇನಮ್ಮ, ಹೈಕೋರ್ಟಿಂದು?
ಅದೀಗ ಐನೂರ ಇಪ್ಪತ್ತೆಂಟು ಸರ್.

ಗುಮಾಸ್ತ ಪಿಳ್ಳಪ್ಪ ಎರಡು ಬಣ್ಣದ ದಾರ ತಂದ.
ಹಳೆಯ ಕಡತಕ್ಕೆ ಬಿಳಿ, ಹೊಸದಕ್ಕೆ ಕೆಂಪು.
ನಾನು ಸಬೀಹಾಳಿಗೆ ಹೇಳಿಕೊಟ್ಟದ್ದು ಇಷ್ಟೇ:
ಕಲಂ ಹುಡುಕುವ ಮೊದಲು ತಾರೀಖು ನೋಡು.
ಜೂನ್ ಮೂವತ್ತರ ರಾತ್ರಿ ಹನ್ನೊಂದೂವರೆಗೆ
ಬಿದ್ದ ಪೆಟ್ಟು ಹಳೆಯ ಸಂಹಿತೆಯದು,
ಹನ್ನೆರಡು ದಾಟಿ ಬಿದ್ದದ್ದು ಹೊಸದರದು.
ನಡುವೆ ಗಾಳಿಯಲ್ಲಿದ್ದ ದೊಣ್ಣೆಯ ಮೇಲೆ
ನಾಲ್ಕು ವರ್ಷ ವಾದ ಮಾಡಬಹುದು.
ಅವಳು ನಕ್ಕಳು. ಆದರೂ ಬರೆದುಕೊಂಡಳು.

ಬಟ್ಲಹಳ್ಳಿಯಿಂದ ಕದಿರಮ್ಮ ಬಂದಳು.
ಗಂಡನಿಗೆ ಟೊಮೆಟೊ ಮಂಡಿ,
ಮದನಪಲ್ಲಿಯಲ್ಲಿ ಇನ್ನೊಂದು ಮನೆ.
ಅವನ ದನಿ ಅವಳ ಫೋನಿನಲ್ಲಿತ್ತು:
'ಒಂದು ಪೈಸಾ ಕೊಡಲ್ಲ, ಏನು ಕಿತ್ಕೊಂತೀಯೋ ಕಿತ್ಕೊ.'
ಪೆನ್‌ಡ್ರೈವ್ ಒಂದೇ ಸಾಲದು ಸರ್, ಅಂದಳು ಸಬೀಹಾ,
ಅರವತ್ತಮೂರರ ಸರ್ಟಿಫಿಕೇಟು ಬೇಕು.
ಅ ಭಾಗಕ್ಕೆ ಇವರ ಸಹಿ, ಆ ಭಾಗಕ್ಕೆ ತಜ್ಞರದು,
ಜೊತೆಗೆ ಹ್ಯಾಶ್ ವ್ಯಾಲ್ಯೂ.
ಪರದೆಯ ಮೇಲೆ ಅರವತ್ತನಾಲ್ಕು ಅಕ್ಷರಗಳ ಸಾಲು,
ಯಾವ ಭಾಷೆಯೂ ಅಲ್ಲದ್ದು.
ದನಿಯಲ್ಲಿ ಒಂದು ಉಸಿರು ಕತ್ತರಿಸಿದರೂ
ಇಡೀ ಸಾಲು ಬೇರೆಯಾಗುತ್ತದಂತೆ.
ಅರವತ್ತನಾಲ್ಕು ವಿದ್ಯೆಯಲ್ಲಿ
ನನಗೆ ಬಾರದ್ದು ಇದೇ ಇರಬೇಕು.
ಕದಿರಮ್ಮ ಬಗ್ಗಿ ನೋಡಿದಳು,
'ಅವ್ನ ಮಾತು ಇಷ್ಟುದ್ದ ಆಯ್ತಾ?'

ಅರ್ಜಿಯ ತಲೆಬರಹ ಓದಿ ಹೇಳಿದೆ,
ಕಲಂ ನೂರ ನಲವತ್ತನಾಲ್ಕು.
ಅವಳು ಬೆಚ್ಚಿದಳು.
'ಅಯ್ಯೋ, ಅದು ನಾಕು ಜನ ಸೇರ್ಬಾರ್ದು ಅನ್ನೋದಲ್ವಾ ಸ್ವಾಮಿ?
ಜೀಪಿಗೆ ಮೈಕು ಕಟ್ಕೊಂಡು ಕೂಗ್ತಿದ್ರು,
ಅಂಗ್ಡಿ ಬಾಗ್ಲು ಹಾಕ್ಸಿದ್ರು.
ನಾನು ಕೇಳಿದ್ದು ಅಕ್ಕಿ ದುಡ್ಡು.'
ಅದೀಗ ನೂರ ಅರವತ್ತಮೂರಮ್ಮ, ಇದು ಜೀವನಾಂಶ.
ಅವಳು ನಂಬಲಿಲ್ಲ.
ನಾನೂ ಪೂರ್ತಿ ನಂಬಿರಲಿಲ್ಲ.

ಇಬ್ಬರ ಆಸ್ತಿ, ಸಾಲದ ಪ್ರಮಾಣಪತ್ರ ಕೇಳು,
ಮಧ್ಯಂತರಕ್ಕೆ ಬೇರೆ ಅರ್ಜಿ ಹಾಕು,
ಕೊನೆಯಲ್ಲಿ ಮರೆಯದೆ ಬರಿ:
ಅರ್ಜಿ ಹಾಕಿದ ದಿನದಿಂದ ಕೊಡಿಸಬೇಕು,
ಆದೇಶದ ದಿನದಿಂದಲ್ಲ.
ಆ ಒಂದು ಸಾಲಿಗೆ ಎಷ್ಟು ಊಟವಾಗುತ್ತದೆಂದು
ಪಿಳ್ಳಪ್ಪ ಬೆರಳು ಮಡಿಸಿ ಎಣಿಸುತ್ತಿದ್ದ.

ಇವತ್ತು ಕೇಸು ಕೂಗಿದರು.
ಎದುರುದಾರ ಗೈರು. ನೋಟಿಸು ಬಾಗಿಲಿಗೆ ಅಂಟಿಸಿ ಬಂದಿದೆ.
ಮುಂದಿನ ತಾರೀಖು ಹತ್ತೊಂಬತ್ತು.
ಕದಿರಮ್ಮ, ಅವಳ ತಾಯಿ, ಪಕ್ಕದ ಮನೆಯಾಕೆ
ಒಬ್ಬರ ಸೆರಗು ಒಬ್ಬರು ಹಿಡಿದಂತೆ ಹೊರಗೆ ಬಂದರು.
ಹೊಂಗೆ ಮರದಡಿ ಅವಳ ತಂಗಿ
ಎಲ್ಲರ ಚಪ್ಪಲಿ ಕಾಯುತ್ತ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಳು.
ನೀನ್ಯಾಕಮ್ಮ ಒಳಗೆ ಬರಲಿಲ್ಲ?
'ನಾಲ್ಕನೆಯವಳು ನಾನಲ್ವಾ ಸಾರ್.'