ಮೂರನೇ ಗುಳಿ

ಆಟಿ ತಿಂಗಳಲ್ಲಿ ಅಕ್ಕ ತಂಗಿ
ಒಂದೇ ಚೆನ್ನೆಮಣೆಗೆ ಕೂರಬಾರದು ಅನ್ನುತ್ತಿದ್ದಳು ಅಜ್ಜಿ.
ಯಾಕೆ ಅಂತ ಕೇಳಿದರೆ, ಕೂರಬಾರದು, ಅಷ್ಟೆ.

ಈಗ ಅತ್ತಾವರದ ಈ ಲ್ಯಾಬಿನಲ್ಲಿ
ಪ್ರೆಸಿಲ್ಲಾ ಆ ಕಿಟಕಿಗೆ, ನಾನು ಈ ಗೋಡೆಗೆ ಮುಖ ಹಾಕಿ
ಒಂದೇ ಕಾರ್ಡನ್ನು ಬೇರೆ ಬೇರೆ ಓದುತ್ತೇವೆ.
ಅವಳು ಬರೆದದ್ದನ್ನು ನಾನು ನೋಡುವಂತಿಲ್ಲ, ನನ್ನದನ್ನು ಅವಳು.
ಕಾರಣ ಇದಕ್ಕಾದರೆ ಉಂಟು.

ಕಾರ್ಡೆಂದರೆ ಬೆರಳುದ್ದದ ಬಿಳಿ ಪ್ಲಾಸ್ಟಿಕ್ಕು.
ಒಂದು ತುದಿಗೆ ರಕ್ತದ ತಿಳಿ, ಮೇಲೆ ಎರಡು ಹನಿ ದ್ರಾವಣ.
ಹದಿನೈದು ನಿಮಿಷ.
ಒಂದು ಗೆರೆ ಬಂದರೆ ಇಲಿಜ್ವರ ಇಲ್ಲ, ಎರಡು ಬಂದರೆ ಇದೆ.
ಒಂದೂವರೆ ಬರುತ್ತದಲ್ಲ ಮಾರಾಯ್ತಿ,
ಹತ್ತು ಸಲ ಒಗೆದ ಮೇಲೂ ಉಳಿದ ಗೇರುಹಣ್ಣಿನ ಕಲೆಯ ಹಾಗೆ!
ಟ್ಯೂಬ್‌ಲೈಟಿನ ಕೆಳಗೆ ಇಲ್ಲ, ಕಿಟಕಿಗೆ ಹಿಡಿದರೆ ಉಂಟು,
ಮೋಡ ಮುಚ್ಚಿತೋ, ಮತ್ತೆ ಇಲ್ಲ.

ಕಂಪೆನಿಯ ಹುಡುಗ ಟೈ ಕಟ್ಟಿಕೊಂಡು ಬಂದಿದ್ದ,
ಹೊಳೆಯುವ ಕಾಗದದಲ್ಲಿ ನೂರಕ್ಕೆ ತೊಂಬತ್ತೇಳು.
"ಯಾರ ರಕ್ತದಲ್ಲಿ ನೋಡಿದ್ದು?" ಅಂದೆ.
ತಣ್ಣಗಾದ ಚಾ ಕುಡಿದು ಮುಗಿಸಿದ.

ನಮ್ಮದು ಇನ್ನೂರಹನ್ನೆರಡು ಜನ.
ದಕ್ಕೆಯಲ್ಲಿ ಬುಟ್ಟಿ ಹೊರುವವರು, ಚರಂಡಿಗಿಳಿದವರು,
ರಜೆಯಲ್ಲಿ ನೇಜಿ ನೆಟ್ಟು ಬಂದ ಒಬ್ಬರು ಟೀಚರು.
ಕಾರ್ಡು ಹೇಳಿದ್ದು ಸರಿಯೋ ಅಂತ ಕೇಳಲು
ಒಳಕೋಣೆಯಲ್ಲಿ ಹಳೆಯ ಪರೀಕ್ಷೆ:
ಜೀವಂತ ರೋಗಾಣು, ಕಪ್ಪು ಕಡಲಿನಲ್ಲಿ ಬೊಳಂಜಿರ್ ಮರಿಗಳು,
ತುದಿಗೆ ಕೊಕ್ಕೆ, ಒಂದು ಗಳಿಗೆ ಸುಮ್ಮನಿರದವು.
ರೋಗಿಯ ರಕ್ತದ ತಿಳಿ ತಾಗಿಸಿ ಕಾಯಬೇಕು.
ಮೈ ಅವನ್ನು ಮೊದಲೇ ಕಂಡಿದ್ದರೆ
ಬಲೆಗೆ ಬಿದ್ದಂತೆ ಒಂದಕ್ಕೊಂದು ಅಂಟಿ ಮುದ್ದೆ.
ನೂರು ಪಾಲು ನೀರು, ಇನ್ನೂರು, ನಾನೂರು, ಎಂಟುನೂರು,
ಕಣ್ಣು ಉರಿಯುವವರೆಗೆ ತೆಳು ಮಾಡಿ ನೋಡುವುದು.
ಎರಡು ವಾರ ಬಿಟ್ಟು ಇನ್ನೊಮ್ಮೆ ರಕ್ತ.

ಕೊನೆಗೆ ನಾಲ್ಕೇ ಗುಳಿಯ ಒಂದು ಮಣೆ.
ಎರಡೂ ಹೌದೆಂದವರು ಅರುವತ್ತೊಂದು.
ಕಾರ್ಡು ಸುಮ್ಮನೆ ಹೆದರಿಸಿದವರು ಒಂಬತ್ತು.
ಎರಡೂ ಅಲ್ಲವೆಂದವರು ನೂರಹತ್ತೊಂಬತ್ತು.
ಮೂರನೆಯದು, ಇದ್ದದ್ದನ್ನು ಕಾರ್ಡು ಇಲ್ಲವೆಂದದ್ದು,
ಇಪ್ಪತ್ತೆರಡು.
ಒಂದು ಕಾಯಿ ಕೈಯಲ್ಲೇ ಉಂಟು.

ಇದ್ದಿನಬ್ಬ, ಬೆಂಗ್ರೆ. ದಕ್ಕೆಯಲ್ಲಿ ಐಸ್ ಒಡೆಯುವ ಕೆಲಸ.
ಜ್ವರದ ಎರಡನೇ ದಿನ ಬಂದಿದ್ದ. ಒಂದೇ ಗೆರೆ.
ನಾನೂ ಒಂದೇ ಅಂದೆ, ಪ್ರೆಸಿಲ್ಲಾಳೂ.
ವಾರ್ಡಿನ ಡಾಕ್ಟರಮ್ಮ ಕಾರ್ಡಿಗೆ ಕಾಯಲಿಲ್ಲ.
ಹಿಮ್ಮಡಿಯ ಗಾಯ ನೋಡಿದರು, ಮೀನಖಂಡ ಒತ್ತಿದರು.
ಅಯ್ಯೋ ಅಂದ. ಮಾತ್ರೆ ಬರೆದರು.

ಇವತ್ತು ಎರಡನೇ ರಕ್ತಕ್ಕೆ, ಕೊಡೆಯಿಂದ ನೀರು ಸುರಿಸುತ್ತ.
"ಮೊನ್ನೆ ಕೊಟ್ಟದ್ದು ಎಂತ ಮಾಡಿದಿರಿ? ಬಿಸಾಡಿದಿರಾ?"
ಉಂಟು, ಫ್ರೀಜರಿನಲ್ಲಿ.
"ಮತ್ತೆ?"
ಮೊನ್ನೆಯ ರಕ್ತಕ್ಕೆ ಇನ್ನೂ ಗೊತ್ತಾಗಿರಲಿಲ್ಲ ಅಂದೆ.
ನನ್ನ ಮುಖ ನೋಡಿದ, ಸೂಜಿ ನೋಡಿದ.
"ನನಗೆ ಗೊತ್ತಿತ್ತಲ್ಲ ಮೇಡಂ."

ಸಂಜೆಗೆ ಎಂಟುನೂರರಲ್ಲೂ ಮುದ್ದೆ ಮುದ್ದೆ.
ಕಾಯಿ ಹಾಕಿದೆ. ಇಪ್ಪತ್ತಮೂರು.
ಅದರಲ್ಲಿ ಹತ್ತೊಂಬತ್ತು ಮಂದಿ
ನಾಲ್ಕು ದಿನ ತುಂಬುವ ಮೊದಲೇ ಬಂದವರು,
ಜ್ವರ ಬಂದರೆ ತಡಮಾಡಬೇಡಿ ಅಂತ
ನಾವೇ ಗೋಡೆಗೆ ಅಂಟಿಸಿದ್ದನ್ನು ಓದಿ.

ರಿಪೋರ್ಟಿನ ಅಡಿಯಲ್ಲಿ ಒಂದು ಸಾಲು ಸೇರಿಸುವುದಾ,
ಪ್ರೆಸಿಲ್ಲಾ ಕೇಳುತ್ತಾಳೆ, ಜಾಗ ಇರುವುದು ನಲುವತ್ತು ಅಕ್ಷರಕ್ಕೆ.
ಮೀನಖಂಡ ಒತ್ತಿ ನೋಡಿ ಅಂತ ಬರೆ, ಅಂದೆ.
ನಕ್ಕಳು. ಬೆರಳು ಕೀಲಿಯ ಮೇಲಿದೆ,
ಇನ್ನೂ ಒತ್ತಿಲ್ಲ.