ಡ್ರಮ್ಮು ತುಂಬುವಷ್ಟರಲ್ಲಿ

ದಿನ ಬಿಟ್ಟು ದಿನ, ನಸುಕಿನ ನಾಲ್ಕಕ್ಕೆ
ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಗೆ ಕಾವೇರಿ ಬರುತ್ತಾಳೆ.
ಮೊದಲು ಕೆಮ್ಮು, ಆಮೇಲೆ ಗಾಳಿ,
ಆಮೇಲೆ ತುಕ್ಕಿನ ಬಣ್ಣದ ಒಂದು ಚೊಂಬು,
ಆಮೇಲೆ ತಾನು.

ನೀಲಿ ಡ್ರಮ್ಮಿಗೆ ಪೈಪು ಬಿಟ್ಟು
ಅಡುಗೆಕಟ್ಟೆಯ ಮೇಲೆ ಹಾಳೆ ಹರಡಿಕೊಳ್ಳುತ್ತೇನೆ.
ಖಾಲಿ ಡ್ರಮ್ಮಿನಲ್ಲಿ ನೀರಿನ ದನಿ ದಪ್ಪ,
ಅರ್ಧಕ್ಕೆ ಬಂದಾಗ ಗಂಟಲು ತಿಳಿಯಾಗುತ್ತದೆ,
ಕಂಠಮಟ್ಟ ತುಂಬುವಾಗ ಸಣ್ಣಗೆ ಕೂಗುತ್ತದೆ.
ಆಗ ಏಳಬೇಕು.
ಮೂವತ್ತೊಂದು ಕಾದಂಬರಿಗಳ ಅಧ್ಯಾಯಗಳೆಲ್ಲ
ಮುಗಿದದ್ದು ಆ ಕೂಗಿಗೆ.
ವಿಮರ್ಶಕರೊಬ್ಬರು ಅದನ್ನು ಸಂಯಮ ಎಂದು ಕರೆದರು.

ನನ್ನ ನಾಯಕಿಯರ ಮನೆಯಲ್ಲಿ ನಲ್ಲಿಯೇ ಇಲ್ಲ.
ಲಾಲ್‌ಬಾಗಿನ ಬಂಡೆಯ ಮೇಲೆ ಕೂತು ಕಾಯುತ್ತಾರೆ,
ಸೆರಗಿಗೆ ಧೂಳು ಮೆತ್ತುವುದಿಲ್ಲ,
ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ಎದ್ದು ಓಡುವುದಿಲ್ಲ.
ಅವನು ತಡವಾಗಿ ಬರುತ್ತಾನೆ. ಬಂದೇ ಬರುತ್ತಾನೆ.
ಈ 'ಬಂದೇ ಬರುತ್ತಾನೆ' ನನ್ನ ಮಗ್ಗದ ಹಾಸು,
ಹೊಕ್ಕು ಯಾವ ಬಣ್ಣದ್ದಾದರೂ ಇರಲಿ.
ಅಪ್ಪ ಚೌರಪ್ಪನಿಂದ ಕಲಿತದ್ದು:
ಮಿಲ್ಲಿಗೆ ಬೀಗ ಬಿದ್ದ ಮೇಲೂ
ಗೇಟ್ ಪಾಸು ಜೇಬಿನಲ್ಲಿಟ್ಟುಕೊಂಡೇ ಸತ್ತ.

ಒಮ್ಮೆ ಪಾಪನಿವೇದನೆಗೆ ಮೊಣಕಾಲೂರಿ ಜಾಲರಿಗೆ ಹೇಳಿದೆ:
ಸ್ವಾಮಿ, ನೂರಹನ್ನೆರಡನೇ ಪುಟದಲ್ಲಿ ಮುತ್ತು ಕೊಡಿಸಿಬಿಟ್ಟೆ.
ಆ ಕಡೆ ಬಹಳ ಹೊತ್ತು ಸದ್ದಿಲ್ಲ.
'ಮದುವೆ ಆಗ್ತಾರಾ?'
'ಮುಂದಿನ ವಾರ ಗೊತ್ತಾಗುತ್ತೆ.'
ಮೂರು ನಮೋ ಮರಿಯಾ ವಿಧಿಸಿ
ಅವರು ನಕ್ಕರೋ, ಕೆಮ್ಮಿದರೋ.

ಹೋದ ಶುಕ್ರವಾರ ಹೊಂಬಾಳಮ್ಮ ಬಂದಿದ್ದಳು,
ಕಾಮಾಕ್ಷಿಪಾಳ್ಯದಿಂದ ಎರಡು ಬಸ್ಸು ಬದಲಿಸಿ,
ಕತ್ತಿನಲ್ಲಿ ಗಾರ್ಮೆಂಟ್ಸಿನ ಬಿಲ್ಲೆ ಇನ್ನೂ ನೇತಾಡುತ್ತಿತ್ತು.
ಚೀಲದಿಂದ ತೆಗೆದದ್ದು ನನ್ನ ಏಳನೆಯ ಪುಸ್ತಕ,
ಬಾಡಿಗೆ ಲೈಬ್ರರಿಯ ನೇರಳೆ ಮೊಹರು,
ಹಿಂದಿರುಗಿಸಿಯೇ ಇಲ್ಲ.
'ಇದನ್ನ ಓದೇ ನಾನು ಹೂಂ ಅಂದಿದ್ದು ಮೇಡಂ.
ಅವನೂ ತಡವಾಗಿ ಬರೋನು.
ಆಮೇಲೆ ಬರೋದೇ ಬಿಟ್ಟ.'

ಬೈಯಲು ಬಂದಿದ್ದಾಳೆ ಅಂದುಕೊಂಡೆ.
ಬೈದರೆ ಸರಿಯೇ ಅಂದುಕೊಂಡೆ.
ಕಾಫಿ ಕೊಟ್ಟೆ. ಅದ್ದಿದ ರಸ್ಕು ಮುರಿದು ಬೀಳುವ ಮೊದಲೇ
ಬಾಯಿಗೆ ಸೇರಿಸುವ ಕರಾರುವಾಕ್ಕು ಕೈ,
ದಿನವಿಡೀ ಕಾಲರು ಹೊಲಿದ ಕೈ.
ಬೇಡವೆಂದರೂ ಲೋಟ ತೊಳೆದಿಟ್ಟಳು.
ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ಕೇಳಿದಳು:
'ಈ ವಾರದ ಧಾರಾವಾಹೀಲಿ ಆ ಹುಡುಗಿ
ಕಾಗದ ಒಡೀತಾಳಾ, ಹರೀತಾಳಾ?'
ಗೊತ್ತಿಲ್ಲ ಅಂದೆ. ನಿಜವಾಗಿ ಗೊತ್ತಿರಲಿಲ್ಲ.
ಅವಳು ನಂಬಲಿಲ್ಲ, ನಗುತ್ತಲೇ ಮೆಟ್ಟಿಲಿಳಿದಳು.

ರಾತ್ರಿ ಜಪಸರ ಹಿಡಿದಾಗ ಮೊದಲ ಮಣಿಯಲ್ಲೇ ಸಿಕ್ಕಿಕೊಂಡೆ.
ದೇವದೂತ ಬಂದು ಅರ್ಧ ಕಥೆ ಹೇಳಿದಾಗ
ಆ ನಜರೇತಿನ ಹುಡುಗಿ ಕೊನೆಯ ಪುಟ ತಿರುವಿ ನೋಡಲಿಲ್ಲವಲ್ಲ.
ನೋಡಿದ್ದರೆ? ಹೂಂ ಅನ್ನುತ್ತಿದ್ದಳೇ?
ಇದನ್ನು ಜಾಲರಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ನಮ್ಮವರು, ಇನ್ನಾಸಪ್ಪ, ನನ್ನ ಒಂದು ಸಾಲೂ ಓದಿಲ್ಲ.
'ಪ್ರೀತಿ' ಎಂದು ಅವರ ಬಾಯಲ್ಲಿ ಕೇಳಿದ್ದು
ಎದುರುಮನೆ ಹುಡುಗಿಯ ಹೆಸರು ಕರೆಯುವಾಗ ಮಾತ್ರ.
ನನ್ನ ಹಾಳೆಗೆ ಸಿಡಿಯದಿರಲೆಂದು
ಪೈಪಿನ ಬಾಯಿಗೆ ಹಳೆಯ ಬನಿಯನ್ನು ಕಟ್ಟಿದ್ದು ಅವರೇ.
ಬನಿಯನ್ನು ಬದಲಾಗುತ್ತದೆ, ಗಂಟು ಅದೇ.
ಒಮ್ಮೆ ಇದನ್ನು ಕಥೆಗೆ ಹಾಕಿದ್ದೆ;
ಸಂಪಾದಕರು ಹೊಡೆದುಹಾಕಿ, ಅಂಚಿನಲ್ಲಿ
'ಪ್ರಣಯ ಎಲ್ಲಿ?' ಎಂದು ಬರೆದಿದ್ದರು.

ಇವತ್ತು ನೀರು ಮುಕ್ಕಾಲಿಗೇ ನಿಂತುಹೋಯಿತು.
ಪೈಪು ಒಂದೆರಡು ಸಲ ಬಿಕ್ಕಿತು, ಅಷ್ಟೇ. ಕೂಗು ಬರಲಿಲ್ಲ.
ಹುಡುಗಿಯ ಕೈಯಲ್ಲಿ ಕಾಗದ ಹಾಗೇ ಇದೆ,
ಒಡೆದೂ ಇಲ್ಲ, ಹರಿದೂ ಇಲ್ಲ.

'ನಲ್ಲಿ ತಿರುಗಿಸೇ' ಒಳಗಿನಿಂದ ಇನ್ನಾಸಪ್ಪ,
'ಯಾವಾಗಲೋ ಬಂದು ಸುಮ್ಮನೆ ಹರಿದುಹೋಗುತ್ತೆ.'

ಇರಲಿ ಅಂದೆ.
ಇನ್ನೊಂದು ಚೊಂಬು ಹಿಂದೆ ಉಳಿದಿರಬಹುದು.